ಗೊಡ್ಡು ಅನ್ನುವ ಮೊದಲು

ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಹಸುವಿನ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಮೂರು ಸಲ ಗಬ್ಬದ ಇಂಜೆಕ್ಷನ್ ಮಾಡಿಸಿದ್ದಾರೆ, ಮೂರು ಸಲವೂ ತಿರುಗಿ ಬೆದೆಗೆ ಬಂದಿದೆ, ‘ಇದು ಗೊಡ್ಡು ಬಿಡಿ ಡಾಕ್ಟ್ರಮ್ಮ, ಬರೋ ವಾರ ಸಂತೆಗೆ ಹೊಡೀತೀವಿ’ ಅಂದರು ಅಂದೆ. ಏನು ಮಾಡಲಿ ದೊಡ್ಡಪ್ಪ ಅಂತ ಕೇಳಿದೆ. ಮಳೆ ಸದ್ದಿಗೆ ಮಾತು ಕೇಳಿಸಲಿಲ್ಲ, ಲೈನೂ ಕಡಿಯಿತು. ಕಡಿದದ್ದೇ ಒಳ್ಳೆಯದಾಯಿತು. ನಾನು ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವಂಥದ್ದಲ್ಲ.

ಗೊಡ್ಡು ಹಸು ಅನ್ನುತ್ತಾರೆ, ಗೊಡ್ಡು ಎಮ್ಮೆ ಅನ್ನುತ್ತಾರೆ. ಮೂವತ್ತೈದು ವರ್ಷ ಹಳ್ಳಿ ಆಸ್ಪತ್ರೆಗಳಲ್ಲಿ ದುಡಿದ ನಾನು ‘ಗೊಡ್ಡು ಹೋರಿ’ ಅನ್ನುವ ಮಾತನ್ನು ಯಾವ ರೈತನ ಬಾಯಲ್ಲೂ ಕೇಳಲಿಲ್ಲ. ಹೋರಿಯ ಮೈಕಟ್ಟು, ಹಿಣಿಲು, ಕೊಂಬು, ನಡಿಗೆ ನೋಡುತ್ತಾರೆ. ಅದರ ಬೀಜದಲ್ಲಿ ಜೀವ ಎಷ್ಟಿದೆ ಎಂದು ಕೇಳುವವರಿಲ್ಲ. ಇದೇ ಮಾತು ಕೊಟ್ಟಿಗೆಯಿಂದ ನಡುಮನೆಗೂ ಬಂದು ಎಷ್ಟು ಸೊಸೆಯರ ಮೇಲೆ ಬಿದ್ದಿದೆ ಎಂಬುದನ್ನು ನಮ್ಮ ಮನೆತನದಲ್ಲೇ ನೋಡಿದ್ದೇನೆ. ನೀನು ಈ ಕೆಲಸಕ್ಕೆ ಸೇರಿದ್ದೀಯ. ಇನ್ನು ಮುಂದೆ ನಿನ್ನ ಬಾಯಿಂದ ಆ ಪದ ಸುಲಭವಾಗಿ ಹೊರಡಬಾರದು. ಹಸು ಗಬ್ಬ ಕಟ್ಟಲಿಲ್ಲ ಅಂದಾಗ ಮೊದಲು ತಂದೆಯ ಕಡೆ ನೋಡು. ಆಮೇಲೆ ನಿನ್ನ ಕೈಯಲ್ಲಿರುವ ವೀರ್ಯದ ಕಂಟೇನರಿನ ಕಡೆ ನೋಡು. ಹಸುವಿನ ಸರದಿ ಅದರ ನಂತರ.

ತಂದೆಯ ಪಾಲು ಅರ್ಧ ಎಂದು ಪುಸ್ತಕದಲ್ಲಿ ಓದಿದ್ದೀಯ. ನಮ್ಮ ಕೆಲಸದಲ್ಲಿ ಆ ಅರ್ಧದ ತೂಕ ಬೇರೆ. ಒಂದು ಹಸು ಕೆಟ್ಟ ವಂಶವಾಹಿ ಹೊತ್ತಿದ್ದರೆ ಅದರ ಪರಿಣಾಮ ಅದರ ನಾಲ್ಕೈದು ಕರುಗಳಿಗೆ. ಹೋರಿಯ ಲೆಕ್ಕ ಹಾಗಲ್ಲ. ಒಂದು ಸಲಕ್ಕೆ ಸುಮಾರು 6 ಮಿಲಿಲೀಟರ್ ವೀರ್ಯ ಸಿಕ್ಕಿತು, ಮಿಲಿಲೀಟರಿಗೆ 100 ಕೋಟಿ ವೀರ್ಯಾಣು ಇದ್ದವು ಅಂದುಕೋ. ನಮ್ಮ ದೇಶದ ನಿಯಮದಂತೆ ಒಂದು ಹಸುವಿಗೆ ಒಂದು ಸಲ ಹಾಕುವ ನಳಿಕೆಗೆ 2 ಕೋಟಿ. ಒಂದೇ ಬೆಳಗಿನಲ್ಲಿ 300 ನಳಿಕೆ! ಹಿಂದೆ ಊರಿಗೆ ಬಿಟ್ಟ ದೇವರ ಗೂಳಿ ಇಡೀ ವರ್ಷ ಓಡಾಡಿದರೂ ಆಗದ ಕೆಲಸ ಇದು. ಒಳ್ಳೆಯ ಹೋರಿಯ ಒಳ್ಳೆಯದೂ, ಕೆಟ್ಟ ಹೋರಿಯ ಕೆಟ್ಟದ್ದೂ ಇಷ್ಟೇ ವೇಗದಲ್ಲಿ ಹರಡುತ್ತದೆ.

ಈ ಕೆಲಸ ನಮ್ಮ ಮಣ್ಣಿನಲ್ಲಿ ಹೊಸದೇನಲ್ಲ. ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೈರಿ ಫಾರ್ಮಿನಲ್ಲಿ. ಮಾಡಿದವರು ಡಾ. ಸಂಪತ್ ಕುಮಾರನ್. ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಹಾಕಿ ಗಬ್ಬ ಕಟ್ಟಿಸಿದರು. ಆಗ ಹೆಪ್ಪುಗಟ್ಟಿಸುವುದು ಗೊತ್ತಿರಲಿಲ್ಲ, ಹಸಿ ವೀರ್ಯವನ್ನೇ ಬಳಸಬೇಕಿತ್ತು. 1960ರ ದಶಕದ ಕೊನೆಗೆ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರ ಎದ್ದಿತು. ನೀನು ಹೆಬ್ಬಾಳದಲ್ಲಿ ಓದುವಾಗ ಅಲ್ಲಿಗೆ ಕರೆದೊಯ್ದಿರುತ್ತಾರೆ. ಮತ್ತೊಮ್ಮೆ ಹೋಗು, ಈ ಸಲ ಪರೀಕ್ಷೆಯ ಭಯವಿಲ್ಲದೆ ನೋಡಬಹುದು. ಹೋರಿ ನಿಲ್ಲುವ ಜಾಗದಿಂದ ನಳಿಕೆ ಮುಚ್ಚುವ ಯಂತ್ರದವರೆಗೆ ಒಂದೊಂದು ಹೆಜ್ಜೆಯಲ್ಲೂ ಎಷ್ಟು ಜನರ ಎಚ್ಚರ ಇದೆ ಎಂಬುದನ್ನು ಕಂಡವಳು ಆ ನಳಿಕೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಸ್ಕೂಟರ್ ಹತ್ತುವುದಿಲ್ಲ.

ಈಗ ಹೋರಿಯ ವಿಷಯಕ್ಕೆ ಬರುತ್ತೇನೆ. ಇವತ್ತು ಹೋರಿಯಿಂದ ಬಂದ ವೀರ್ಯಾಣು ಇವತ್ತು ಹುಟ್ಟಿದ್ದಲ್ಲ. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 60 ದಿನ ಬೇಕು. ಅಲ್ಲಿಂದ ಹೊರಟು ಬಲಿತು ಸಿದ್ಧವಾಗಲು ಇನ್ನೂ ಒಂದು ವಾರ, ಹತ್ತು ದಿನ. ಅಂದರೆ ಏಪ್ರಿಲ್ ತಿಂಗಳ ಉರಿಯಲ್ಲಿ ಹೋರಿಗೆ ಜ್ವರ ಬಂದಿದ್ದರೆ ಅದರ ಪೆಟ್ಟು ಮೇ, ಜೂನಿನ ವೀರ್ಯದಲ್ಲಿ ಕಾಣುತ್ತದೆ. ಆ ಹೊತ್ತಿಗೆ ಹೋರಿ ಮೇವು ತಿಂದು ಗುಟುರು ಹಾಕುತ್ತ ನಿಂತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ವೃಷಣ ಮೈಯಿಂದ ಹೊರಗೆ ಜೋಲುವುದು ಯಾಕೆ? ಅದು ಮೈಯ ಬಿಸಿಗಿಂತ ನಾಲ್ಕೈದು ಡಿಗ್ರಿ ತಂಪಾಗಿರಬೇಕು. ಕಾಲುಬಾಯಿ ಜ್ವರ ಬಂದು ಹೋದ ಹೋರಿಯನ್ನು ವಾರ ಕಳೆದು ಹಸುವಿಗೆ ಬಿಡುವ ರೈತನಿಗೆ ಇದನ್ನು ಕೂತು ವಿವರಿಸು. ಹಾಗೆ ಬಿಟ್ಟ ಹೋರಿಯಿಂದ ರೋಗ ಹರಡುವ ಅಪಾಯ ಬೇರೆ, ಬೀಜ ಸೋಲುವ ಅಪಾಯ ಬೇರೆ. ಎರಡನ್ನೂ ಹೇಳು.

ಊರಲ್ಲಿ ಬೀಜದ ಹೋರಿ ಸಾಕುವವರು ಯಾರಾದರೂ ಇದ್ದರೆ ದರ್ಜಿಯ ಟೇಪು ಹಿಡಿದು ಹೋಗು. ವೃಷಣದ ಸುತ್ತಳತೆ ತೆಗೆ. ಹೋರಿ ಎಷ್ಟು ವೀರ್ಯ ಕೊಡಬಲ್ಲದು ಎಂಬುದಕ್ಕೆ ಇಷ್ಟು ಸುಲಭದ, ಇಷ್ಟು ಅಗ್ಗದ ಅಳತೆ ಇನ್ನೊಂದಿಲ್ಲ. ಸೀಮೆ ತಳಿಗಳಲ್ಲಿ ಒಂದು, ಒಂದೂಕಾಲು ವರ್ಷದ ಹೋರಿಗೆ 30 ಸೆಂಟಿಮೀಟರ್ ಇರಲೇಬೇಕು ಎನ್ನುತ್ತಾರೆ. ನಮ್ಮ ನಾಟಿ ತಳಿಗಳು ತಡವಾಗಿ ಬಲಿಯುತ್ತವೆ, ಅವುಗಳಿಗೆ ಆ ಗೆರೆ ಹಾಕಬೇಡ. ಅವುಗಳನ್ನು ಅದೇ ವಯಸ್ಸಿನ, ಅದೇ ತಳಿಯ ಹೋರಿಗಳ ಜೊತೆ ಇಟ್ಟು ನೋಡು. ನನಗೆ ಬಹಳ ಅಚ್ಚರಿ ಕೊಟ್ಟ ಸಂಗತಿ ಇನ್ನೊಂದಿದೆ. ಈ ಸುತ್ತಳತೆ ಚೆನ್ನಾಗಿಯೇ ವಂಶಪಾರಂಪರ್ಯವಾಗಿ ಇಳಿಯುತ್ತದೆ, ಮತ್ತು ಅಳತೆ ದೊಡ್ಡದಿರುವ ಹೋರಿಯ ಹೆಣ್ಣುಕರುಗಳು ಬೇಗ ಬೆದೆಗೆ ಬರುತ್ತವೆ. ಹಸುವಿನ ಗಬ್ಬ ಕಟ್ಟುವ ಗುಣವನ್ನು ನೇರವಾಗಿ ಆರಿಸಿ ಬೆಳೆಸುವುದು ಕಷ್ಟ, ಅದು ವಂಶದಿಂದ ಇಳಿಯುವ ಪಾಲು ತೀರಾ ಕಡಿಮೆ. ಅಪ್ಪನ ಕಡೆಯಿಂದ ಹೋದರೆ ಒಂದು ದಾರಿ ಸಿಗುತ್ತದೆ.

ಆದರೆ ಕಣ್ಣಿಗೆ ಕಾಣುವುದನ್ನೆಲ್ಲ ನಂಬಬೇಡ. ಸೂಕ್ಷ್ಮದರ್ಶಕದ ಕೆಳಗೆ ವೀರ್ಯಾಣು ಚುರುಕಾಗಿ ಈಜುತ್ತಿದ್ದರೆ ಹೋರಿ ಒಳ್ಳೆಯದೆಂದು ನಾವು ಬರೆದುಬಿಡುತ್ತಿದ್ದೆವು. ಜರ್ಮನಿ, ಆಸ್ಟ್ರಿಯಾ ಕಡೆ ಫ್ಲೆಕ್‌ವೀ ಎಂಬ ತಳಿ ಇದೆ. ಅದರ ಕೆಲವು ಹೋರಿಗಳ ವೀರ್ಯ ಎಲ್ಲ ಪರೀಕ್ಷೆಯಲ್ಲೂ ಪಾಸು. ಈಜು ಸರಿ, ಆಕಾರ ಸರಿ, ಎಣಿಕೆ ಸರಿ. ಹಸುಗಳಿಗೆ ಹಾಕಿದರೆ ನೂರಕ್ಕೆ ಎರಡೂ ಗಬ್ಬ ಕಟ್ಟುತ್ತಿರಲಿಲ್ಲ. 2014ರಲ್ಲಿ ಕಾರಣ ಪ್ರಕಟವಾಯಿತು. ವೀರ್ಯಾಣುವಿನ ಮೇಲ್ಪದರದಲ್ಲಿರುವ ಒಂದು ಪ್ರೋಟೀನಿನ ವಂಶವಾಹಿ, ಟಿಎಂಇಎಂ95 ಎಂದು ಅದರ ಹೆಸರು, ಒಂದೇ ಒಂದು ಅಕ್ಷರ ತಪ್ಪಿ ನಡುವೆಯೇ ನಿಂತುಹೋಗಿತ್ತು. ಅಪ್ಪನಿಂದಲೂ ಅಮ್ಮನಿಂದಲೂ ಆ ತಪ್ಪು ಬಂದ ಹೋರಿಯ ವೀರ್ಯಾಣು ಅಂಡದ ಬಾಗಿಲವರೆಗೆ ಓಡಿ ಹೋಗುತ್ತದೆ, ಒಳಗೆ ಹೋಗಲಾರದು. ಆ ಹೋರಿಗಳ ನಳಿಕೆ ಹಾಕಿಸಿಕೊಂಡ ಹಸುಗಳನ್ನು ಅಲ್ಲಿನ ರೈತರೂ ದೂರಿರಬೇಕು ಎಂದು ನೆನೆದಾಗೆಲ್ಲ ನನಗೆ ನೋವಾಗುತ್ತದೆ.

ಇನ್ನೊಂದು ಕಥೆ ಇದಕ್ಕಿಂತ ದೊಡ್ಡದು, ನೀನು ಅದನ್ನು ಪೂರ್ತಿ ತಿಳಿದಿರಬೇಕು. 1962ರಲ್ಲಿ ಅಮೆರಿಕದಲ್ಲಿ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಅದರ ಹೆಣ್ಣುಮಕ್ಕಳು ಹಾಲಿನ ಹೊಳೆ ಹರಿಸಿದವು. ಹೆಣ್ಣುಮಕ್ಕಳೇ 16,000, ಮೊಮ್ಮಕ್ಕಳು ಐದು ಲಕ್ಷ. ಅಲ್ಲಿನ ಹೋಲ್‌ಸ್ಟೀನ್ ತಳಿಯ ಒಟ್ಟು ವಂಶಸಂಪತ್ತಿನಲ್ಲಿ ಸುಮಾರು ಶೇ. 14ರಷ್ಟು ಆ ಒಂದೇ ಹೋರಿಯದು ಎಂದು ಲೆಕ್ಕ ಹಾಕಿದ್ದಾರೆ. ಅದರ ಮೈಯಲ್ಲಿ ಒಂದು ಮೌನ ದೋಷವಿತ್ತು. ಒಂದು ಪ್ರತಿ ಇದ್ದರೆ ಏನೂ ಆಗುವುದಿಲ್ಲ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಕೂಡಿದರೆ ಭ್ರೂಣ ಗರ್ಭದಲ್ಲೇ ಸಾಯುತ್ತದೆ. ಚೀಫ್‌ನ ಮೊಮ್ಮಕ್ಕಳನ್ನು ಚೀಫ್‌ನ ಮೊಮ್ಮಕ್ಕಳಿಗೇ ಕೂಡಿಸಿದಂತೆಲ್ಲ ಅದು ಬೆಳೆಯಿತು. ಮೂವತ್ತೈದು ವರ್ಷಗಳಲ್ಲಿ ಜಗತ್ತಿನಾದ್ಯಂತ ಸುಮಾರು 5,25,000 ಗಬ್ಬಗಳು ಇದರಿಂದ ಹೋದವು ಎಂಬುದು ಅಂದಾಜು. ಹಾಲಿನಿಂದ ಬಂದ ಲಾಭದ ಮುಂದೆ ಈ ನಷ್ಟ ಸಣ್ಣದು ಎಂದೂ ಹಾಗೆ ಅಂದಾಜಿಸಿದ ವಿಜ್ಞಾನಿಗಳೇ ಲೆಕ್ಕ ಕೊಟ್ಟಿದ್ದಾರೆ. ಲೆಕ್ಕ ಸರಿ ಇರಬಹುದು. ಎರಡು ಹಸು ಕಟ್ಟಿಕೊಂಡವಳ ಮನೆಯಲ್ಲಿ ಒಂದು ಗಬ್ಬ ಹೋದರೆ ಆ ಲಾಭದ ಪಾಲು ಅವಳಿಗೆ ಯಾರೂ ತಂದುಕೊಡುವುದಿಲ್ಲ.

ಇದನ್ನು ಕಂಡುಹಿಡಿದ ದಾರಿ ನೋಡು. 2011ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸಾವಿರಾರು ದನಗಳ ವಂಶವಾಹಿ ಪಟ್ಟಿ ಹರಡಿಕೊಂಡು ಕೂತರು. ಒಂಟಿಯಾಗಿ ಎಲ್ಲೆಲ್ಲೂ ಸಿಗುವ, ಜೋಡಿಯಾಗಿ ಒಂದೇ ಒಂದು ಬದುಕಿರುವ ದನದಲ್ಲೂ ಸಿಗದ ತುಣುಕುಗಳು ಯಾವುವು ಎಂದು ಹುಡುಕಿದರು. ಹುಟ್ಟಬೇಕಾಗಿದ್ದು ಹುಟ್ಟದೇ ಹೋದ ಕರುಗಳ ಜಾಗ ಖಾಲಿ ಬಿದ್ದಿತ್ತು, ಆ ಖಾಲಿ ಜಾಗವನ್ನೇ ಓದಿದರು. ಸತ್ತ ಕರುವಿನ ಮೈ ನೋಡದೆಯೇ ರೋಗ ಗುರುತಿಸಿದರು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನ್ನ ಮೈ ಜುಮ್ಮೆನ್ನುತ್ತದೆ.

ಹೋರಿಯನ್ನು ವೀರ್ಯ ಕೇಂದ್ರಕ್ಕೆ ಸೇರಿಸುವ ಮೊದಲು ವರ್ಣತಂತು ಪರೀಕ್ಷೆ ಮಾಡುವುದೂ ಇಂಥ ಅನುಭವದಿಂದಲೇ ಬಂದದ್ದು. ದನಕ್ಕೆ 60 ವರ್ಣತಂತು. 1960ರ ದಶಕದಲ್ಲಿ ಸ್ವೀಡನ್ನಿನ ಇಂಗೆಮಾರ್ ಗುಸ್ತಾವ್ಸನ್ ಕೆಲವು ಹೋರಿಗಳಲ್ಲಿ ಒಂದನೆಯದೂ ಇಪ್ಪತ್ತೊಂಬತ್ತನೆಯದೂ ಅಂಟಿಕೊಂಡು 59 ಆಗಿರುವುದನ್ನು ಕಂಡರು. ಹೋರಿ ದಷ್ಟಪುಷ್ಟ. ಅದರ ಹೆಣ್ಣುಮಕ್ಕಳು ಮಾತ್ರ ಮತ್ತೆ ಮತ್ತೆ ಬೆದೆಗೆ ತಿರುಗುತ್ತಿದ್ದವು. ಅದೇ ಪರೀಕ್ಷೆ ನಮಗೆ ಇನ್ನೊಂದು ಉಪಕಾರ ಮಾಡುತ್ತದೆ. ಹಿಣಿಲು ಇರುವ ನಮ್ಮ ನಾಡದನಗಳ ವೈ ವರ್ಣತಂತುವಿನ ಗಂಟು ತುದಿಯಲ್ಲಿರುತ್ತದೆ, ಸೀಮೆದನದಲ್ಲಿ ಅದು ನಡುವಿನ ಕಡೆಗೆ ಸರಿದಿರುತ್ತದೆ. ವೈ ಅಪ್ಪನಿಂದ ಮಗನಿಗೆ ಮಾತ್ರ ಇಳಿಯುವಂಥದ್ದು. ಬಣ್ಣ, ಕೊಂಬು ಎಲ್ಲ ಹಳ್ಳಿಕಾರಿನಂತೆಯೇ ಇದ್ದರೂ ಮುತ್ತಜ್ಜನ ಕಾಲದಲ್ಲಿ ಗಂಡು ಕಡೆಯಿಂದ ಸೀಮೆ ರಕ್ತ ಸೇರಿದ್ದರೆ ಆ ಗಂಟು ಹೇಳಿಬಿಡುತ್ತದೆ. ಶುದ್ಧ ತಳಿ ಎಂದು ಲಕ್ಷ ಲಕ್ಷ ಕೊಟ್ಟು ಹೋರಿ ಕೊಳ್ಳುವವರು ಕೊಂಬಿಗೆ ಎಣ್ಣೆ ಹಚ್ಚಿದ್ದನ್ನು ನೋಡುವ ಮೊದಲು ಇದನ್ನು ಕೇಳಲಿ.

ಇನ್ನು ಹೆಪ್ಪುಗಟ್ಟಿಸುವ ಮಾತು. 1949ರಲ್ಲಿ ಲಂಡನ್ನಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಹುಂಜದ ವೀರ್ಯವನ್ನು ಸಕ್ಕರೆಯ ದ್ರಾವಣದಲ್ಲಿ ಶೈತ್ಯಕ್ಕಿಟ್ಟು ಉಳಿಸಲು ಒದ್ದಾಡುತ್ತಿದ್ದರು. ಎಲ್ಲ ಸಾಯುತ್ತಿತ್ತು. ಒಂದು ದಿನ ಶೀತಲ ಕೋಣೆಯಿಂದ ತಂದ ಸೀಸೆಯ ದ್ರಾವಣದಲ್ಲಿ ಇದ್ದಕ್ಕಿದ್ದಂತೆ ವೀರ್ಯಾಣು ಬದುಕಿ ಎದ್ದವು. ಪರೀಕ್ಷಿಸಿ ನೋಡಿದರೆ ಸೀಸೆಯೊಳಗಿದ್ದದ್ದು ಸಕ್ಕರೆಯಲ್ಲ, ಗ್ಲಿಸರಾಲ್ ಮತ್ತು ಮೊಟ್ಟೆಯ ಬಿಳಿ. ಚೀಟಿ ಅದಲು ಬದಲಾಗಿತ್ತು. ಆ ಸೀಸೆಯನ್ನು ಚೆಲ್ಲದೆ ‘ಇದರಲ್ಲಿ ಏನಿದೆ?’ ಎಂದು ಕೇಳಿದರಲ್ಲ, ಇವತ್ತು ನೀನು ಹೊತ್ತು ತಿರುಗುವ ಕಂಟೇನರು ಆ ಪ್ರಶ್ನೆಯಿಂದ ಹುಟ್ಟಿದ್ದು.

ನೀರು ಹೆಪ್ಪುಗಟ್ಟಿದರೆ ಹರಳಾಗುತ್ತದೆ, ಹರಳಿನ ಅಂಚು ಜೀವಕೋಶವನ್ನು ಸೀಳುತ್ತದೆ. ಹರಳಾಗದೆ ಉಳಿದ ನೀರಿನಲ್ಲಿ ಉಪ್ಪು ಏರಿ ಕೋಶವನ್ನು ಸುಡುತ್ತದೆ. ಗ್ಲಿಸರಾಲ್ ಕೋಶದೊಳಗೆ ಹೊಕ್ಕು ಈ ಎರಡನ್ನೂ ತಗ್ಗಿಸುತ್ತದೆ. ಮೊಟ್ಟೆಯ ಹಳದಿ ಹೊರಪದರವನ್ನು ಕಾಯುತ್ತದೆ. ಇಷ್ಟಾದರೂ ಒಳ್ಳೆಯ ಹೋರಿಯ ವೀರ್ಯದಲ್ಲೂ ಹಲವು ಕೋಟಿ ಸಾಯುತ್ತವೆ. ಕರಗಿಸಿದ ಮೇಲೆ ನೂರಕ್ಕೆ ಐವತ್ತಾದರೂ ಈಜಬೇಕು, ಇಲ್ಲದಿದ್ದರೆ ಆ ಕಂತನ್ನು ಕೇಂದ್ರದಿಂದ ಹೊರಗೆ ಬಿಡಬಾರದು ಎಂಬುದು ನಿಯಮ. ಈ ಶೈತ್ಯ ತಾಳುವ ಶಕ್ತಿ ಹೋರಿಯಿಂದ ಹೋರಿಗೆ ಬದಲಾಗುತ್ತದೆ, ಅದರಲ್ಲಿ ವಂಶದ ಪಾಲೂ ಇದೆ. ನಮ್ಮ ಮಿಶ್ರತಳಿ ಹೋರಿಗಳಲ್ಲಿ ಬಹಳಷ್ಟು ಇಲ್ಲೇ ಎಡವುತ್ತವೆ. ಹಂದಿಯ ವೀರ್ಯ ಚಳಿಯನ್ನೇ ತಾಳದು, ಅದನ್ನು 17 ಡಿಗ್ರಿಯ ಆಸುಪಾಸಿನಲ್ಲಿ ಹಸಿಯಾಗಿಯೇ ಇಡುತ್ತಾರೆ. ಹೋತದ ವೀರ್ಯದ್ದು ಬೇರೆ ತಕರಾರು. ಅದರಲ್ಲಿರುವ ಕಿಣ್ವ ಮೊಟ್ಟೆಯ ಹಳದಿಯ ಜೊತೆ ಸೇರಿ ವೀರ್ಯಾಣುವಿಗೇ ವಿಷವಾಗುತ್ತದೆ, ಅದಕ್ಕೇ ಅದನ್ನು ಮೊದಲು ತೊಳೆಯುವುದು.

ಸರಿಯಾಗಿ ಕಾದರೆ ಎಷ್ಟು ದಿನ ಇರುತ್ತದೆ ಅನ್ನುತ್ತೀಯಾ? 1968ರಲ್ಲಿ ಸಿಡ್ನಿಯಲ್ಲಿ ಹೆಪ್ಪುಗಟ್ಟಿಸಿದ ಮೆರಿನೋ ಟಗರುಗಳ ವೀರ್ಯವನ್ನು ಐವತ್ತು ವರ್ಷದ ನಂತರ ಕರಗಿಸಿ 56 ಕುರಿಗಳಿಗೆ ಹಾಕಿದರು. 34 ಗಬ್ಬ ಕಟ್ಟಿದವು. ಹೊಸ ವೀರ್ಯಕ್ಕಿಂತ ಒಂದು ಚೂರೂ ಕಡಿಮೆಯಿಲ್ಲ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಲ ನಿಂತುಬಿಡುತ್ತದೆ. ಐವತ್ತು ವರ್ಷ ತಾಳಿದ್ದನ್ನು ಐದು ನಿಮಿಷದ ಉದಾಸೀನ ಕೊಲ್ಲುತ್ತದೆ.

ಇದನ್ನು ಓದಿ ಕಲಿಯಲಿಲ್ಲ, ಮಾಡಿ ಕಲಿತೆ. ನೌಕರಿಯ ಎರಡನೆಯ ವರ್ಷ, ಬೇಸಿಗೆ. ಸಾರಜನಕದ ಗಾಡಿ ಬರುವುದು ತಡವಾಯಿತು. ಕಂಟೇನರಿನ ಮಟ್ಟವನ್ನು ನಾನು ವಾರವಿಡೀ ಅಳೆದಿರಲಿಲ್ಲ, ಇನ್ನೂ ಇರುತ್ತದೆ ಎಂದುಕೊಂಡಿದ್ದೆ. ಗಾಡಿ ಬಂತು, ತುಂಬಿಸಿಕೊಂಡೆ, ಎಂದಿನಂತೆ ಹೊಗೆಯಾಡಿತು, ನಳಿಕೆಗಳು ಎಂದಿನಂತೆ ತಣ್ಣಗಿದ್ದವು. ಎರಡು ತಿಂಗಳು ಅವುಗಳನ್ನೇ ಹಾಕಿದೆ. ಒಂದಾದ ಮೇಲೊಂದು ಹಸು ತಿರುಗಿ ಬಂದವು. ನಾನು ಖನಿಜ ಮಿಶ್ರಣ ಬರೆದುಕೊಟ್ಟೆ, ಗರ್ಭಕೋಶ ತೊಳೆದೆ, ಮೇವು ಸರಿಯಿಲ್ಲ ಅಂದೆ. ಕೊನೆಗೆ ಅನುಮಾನ ಬಂದು ಒಂದು ನಳಿಕೆ ಕರಗಿಸಿ ಸೂಕ್ಷ್ಮದರ್ಶಕದಲ್ಲಿಟ್ಟೆ. ಒಂದೂ ಅಲುಗಲಿಲ್ಲ. ಮೈನಸ್ 130 ಡಿಗ್ರಿಗಿಂತ ಮೇಲೆ ಹೋದರೆ ಹರಳುಗಳು ಮತ್ತೆ ಬೆಳೆಯತೊಡಗುತ್ತವೆ. ಆಮೇಲೆ ಎಷ್ಟು ಸಾರಜನಕ ಸುರಿದರೂ ಸತ್ತದ್ದು ಸತ್ತದ್ದೇ. ಹೊರಗಿನಿಂದ ನೋಡಿದರೆ ಸತ್ತ ನಳಿಕೆಗೂ ಜೀವವಿರುವ ನಳಿಕೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಆ ಎರಡು ತಿಂಗಳಲ್ಲಿ ಗೊಡ್ಡು ಎಂದು ಮಾರಿಹೋದ ಹಸುಗಳಲ್ಲಿ ಒಂದರ ಮನೆಯಾಕೆ ಕರುವನ್ನು ನಂಬಿ ಸಾಲ ಮಾಡಿದ್ದಳು. ತಪ್ಪು ನನ್ನದೆಂದು ಅವಳ ಮನೆಗೆ ಹೋಗಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಕೂರಿ ಅಂತ ಚಾಪೆ ಹಾಸಿದಳು. ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಹೇಳುತ್ತೇನೆ, ಅಳತೆ ಕೋಲು ನಿನ್ನ ಕೈಯಲ್ಲೇ ಇರಲಿ, ಬೇರೆಯವರಿಗೆ ಬಿಡಬೇಡ. ಕೋಲನ್ನು ತಳದವರೆಗೆ ಇಳಿಸಿ, ತೆಗೆದು, ಗಾಳಿಯಲ್ಲಿ ಆಡಿಸು. ಬಿಳಿ ಮಂಜು ಎಲ್ಲಿವರೆಗೆ ಕೂರುತ್ತದೋ ಅದೇ ಮಟ್ಟ. ದಿನಾಂಕ ಹಾಕಿ ಗೋಡೆಯ ಮೇಲೆ ಬರೆ. ಕಂಟೇನರಿನ ಕತ್ತಿನ ಹೊರಗೆ ಮಂಜು ಕಟ್ಟಿದ್ದು ಕಂಡರೆ ಅದರ ನಿರ್ವಾತ ಹೋಗಿದೆ ಎಂದರ್ಥ, ಆ ಗಳಿಗೆಯಲ್ಲೇ ನಳಿಕೆಗಳನ್ನು ಬೇರೆ ಕಂಟೇನರಿಗೆ ದಾಟಿಸು. ನಳಿಕೆ ಹುಡುಕುವಾಗ ಡಬ್ಬಿಯನ್ನು ಕತ್ತಿನಿಂದ ಮೇಲಕ್ಕೆ ಎತ್ತಬೇಡ. ಹುಡುಕಲು ಹತ್ತು ಸೆಕೆಂಡಿಗಿಂತ ಹೆಚ್ಚಾದರೆ ಮತ್ತೆ ಮುಳುಗಿಸಿ, ಆಮೇಲೆ ತೆಗೆ. ಕರಗಿಸುವುದು 37 ಡಿಗ್ರಿ ನೀರಿನಲ್ಲಿ, ಅರ್ಧ ನಿಮಿಷ. ‘ಕೈಯಲ್ಲೇ ಉಜ್ಜಿದ್ರೆ ಆಯ್ತು ಮೇಡಂ’ ಅನ್ನುವವರು ಸಿಗುತ್ತಾರೆ, ಕೇಳಬೇಡ. ಥರ್ಮಾಮೀಟರ್ ಇಟ್ಟುಕೋ. ನಳಿಕೆಯ ಮೇಲಿನ ನೀರನ್ನು ಚೆನ್ನಾಗಿ ಒರೆಸು, ಒಂದು ಹನಿ ನೀರು ಸೇರಿದರೂ ವೀರ್ಯಾಣುವಿಗೆ ಕೇಡು. ಕರಗಿಸಿದ್ದನ್ನು ಮತ್ತೆ ಒಳಗೆ ಹಾಕುವ ಮಾತೇ ಇಲ್ಲ.

ನಳಿಕೆಯ ಮೇಲೆ ಹೋರಿಯ ನಂಬರ್ ಅಚ್ಚಾಗಿರುತ್ತದೆ. ಅದನ್ನು ಓದದೆ ಕತ್ತರಿಸಬೇಡ. ಇವತ್ತು ಒಂದು ಹಸುವಿಗೆ ಹಾಕಿದ ಹೋರಿಯ ಹೆಣ್ಣುಕರು ಎರಡೂಕಾಲು, ಎರಡೂವರೆ ವರ್ಷದಲ್ಲಿ ಕಡಸಾಗಿ ನಿನ್ನ ಮುಂದೆ ಬೆದೆಗೆ ಬಂದು ನಿಲ್ಲುತ್ತದೆ. ಅದೇ ಹೋರಿಯ ನಳಿಕೆ ಕಂಟೇನರಿನಲ್ಲಿ ಉಳಿದಿದ್ದರೆ ಅಪ್ಪನಿಂದಲೇ ಮಗಳಿಗೆ ಗಬ್ಬ ಕಟ್ಟಿಸಿದಂತೆ. ಚೀಫ್‌ನ ಕಥೆ ನಮ್ಮೂರಿನ ಓಣಿಯಲ್ಲೇ ನಡೆಯುತ್ತದೆ. ಕಿವಿಯ ಹಳದಿ ಓಲೆಯ 12 ಅಂಕಿ, ಹೋರಿಯ ನಂಬರ್, ದಿನಾಂಕ ಮೂರನ್ನೂ ಮೊಬೈಲಿಗೆ ಹಾಕುವ ಜೊತೆಗೆ ಒಂದು ನೋಟ್‌ಬುಕ್ಕಿನಲ್ಲಿಯೂ ಬರೆ.

ಗಂಡು ಸಾಲು ಅಳಿಯುವ ಮಾತೂ ಒಂದಿದೆ. ಅಮೆರಿಕದ ಹೋಲ್‌ಸ್ಟೀನ್ ಹೋರಿಗಳೆಲ್ಲ ಗಂಡು ಕಡೆಯಿಂದ ಎರಡೇ ಎರಡು ಹಳೆಯ ಹೋರಿಗಳಿಗೆ ಹೋಗಿ ನಿಲ್ಲುತ್ತವೆ ಎಂದು ಪೆನ್‌ಸಿಲ್ವೇನಿಯಾದ ಸಂಶೋಧಕರು ತೋರಿಸಿದರು. ಉಳಿದ ಗಂಡು ಸಂತತಿಗಳೆಲ್ಲ ಅಳಿದಿದ್ದವು. ಕೊಲರಾಡೊದ ಫೋರ್ಟ್ ಕಾಲಿನ್ಸ್‌ನ ಸರ್ಕಾರಿ ವೀರ್ಯ ಭಂಡಾರದಲ್ಲಿ ಹಳೆಯ ನಳಿಕೆಗಳು ಉಳಿದಿದ್ದರಿಂದ ಅಳಿದ ಎರಡು ಸಂತತಿಗಳನ್ನು ಮತ್ತೆ ಹುಟ್ಟಿಸಲು ಸಾಧ್ಯವಾಯಿತು. ನಮ್ಮ ಕೃಷ್ಣಾ ಕಣಿವೆಯ ದನ, ಮಲೆನಾಡು ಗಿಡ್ಡ ಇವುಗಳ ಒಳ್ಳೆಯ ಹೋರಿ ನಿನ್ನ ಕಣ್ಣಿಗೆ ಬಿದ್ದರೆ, ಬೀಜ ಒಡೆಸುವ ಮೊದಲು ಇಲಾಖೆಗೆ ತಿಳಿಸು. ಒಂದು ಹೋರಿ ಸತ್ತರೆ ಒಂದು ಹೋರಿ ಸತ್ತಂತೆ. ಕೊನೆಯ ಹೋರಿಯ ಬೀಜ ಒಡೆದರೆ ಅದರ ವೈ ಹೊತ್ತ ಇಡೀ ಗಂಡು ಸಾಲು ಅಲ್ಲಿಗೆ ಮುಗಿಯುತ್ತದೆ.

ಈಗ ಆ ಹಸು. ನಾಳೆ ನಿನ್ನ ರಿಜಿಸ್ಟರ್ ತೆಗೆ. ಮೂರು ಸಲವೂ ಒಂದೇ ಹೋರಿಯ ನಂಬರ್ ಇದೆಯೇ ನೋಡು. ಇದ್ದರೆ ಅದೇ ಹೋರಿಯ ನಳಿಕೆ ಹಾಕಿಸಿಕೊಂಡ ಬೇರೆ ಹಸುಗಳು ಏನಾದವು ಎಂದು ಪುಟ ತಿರುವು. ಆ ಕಂತಿನ ಒಂದು ನಳಿಕೆ ಕರಗಿಸಿ ಈಜು ನೋಡು. ಹಸು ಬೆಳಿಗ್ಗೆ ಬೆದೆಗೆ ಬಂದದ್ದನ್ನು ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಬೇಕು. ಹಿಂದಿನ ಮೂರು ಸಲ ಎಷ್ಟು ಹೊತ್ತಿಗೆ ಫೋನ್ ಮಾಡಿದ್ದರು, ನೀನು ಎಷ್ಟು ಹೊತ್ತಿಗೆ ಮುಟ್ಟಿದೆ ಎಂದು ಆ ಮನೆಯಾಕೆಯನ್ನೇ ಕೇಳು. ಗಂಡಸರನ್ನು ಕೇಳಬೇಡ, ಹಸು ಯಾವಾಗ ಅರಚಿತು ಎಂಬುದು ಹಾಲು ಕರೆಯುವವಳಿಗೆ ಗೊತ್ತಿರುತ್ತದೆ. ಮುಂದಿನ ಬೆದೆಗೆ ಬೇರೆ ಹೋರಿ ಹಾಕು, ಹಾಕಿದ ಇಪ್ಪತ್ತೊಂದನೆಯ ದಿನ ಅವರ ಮನೆ ಮುಂದೆ ಹೋಗಿ ನಿಲ್ಲು. ಸಂತೆಗೆ ಹೊಡೆಯುವುದನ್ನು ಅಲ್ಲಿಯವರೆಗೆ ತಡೆಯಲು ಹೇಳು. ಕೇಳದಿದ್ದರೆ ನನಗೆ ಫೋನ್ ಮಾಡು, ನಾನೇ ಬಸ್ಸು ಹತ್ತಿ ಬಂದು ಅವರ ಹತ್ತಿರ ಮಾತಾಡುತ್ತೇನೆ.

ನಿನ್ನ ದೊಡ್ಡಪ್ಪ